ಪಾಲಿಹೌಸ್ ಮಣ್ಣು ಬದಲಿಸೋದು: ಯಂತ್ರ ಇದೆ, ದಾರಿ ಎಲ್ಲಿದೆ?

ದೊಡ್ಡಬಳ್ಳಾಪುರ, ಹೊಸಕೋಟೆ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಹೋದರೆ ರಸ್ತೆ ಪಕ್ಕದಲ್ಲೇ ಪ್ಲಾಸ್ಟಿಕ್ ಹೊದ್ದು ನಿಂತ ಪಾಲಿಹೌಸ್‌ಗಳು ಕಾಣುತ್ತವೆ. ಒಳಗೆ ಕ್ಯಾಪ್ಸಿಕಂ, ಗುಲಾಬಿ, ಜರ್ಬೆರಾ, ಸೌತೆ. ಇವುಗಳಲ್ಲಿ ಎಷ್ಟೋ ಈಗ ಹಳೆಯವಾಗಿವೆ. ಕಬ್ಬಿಣದ ಕಂಬ ಗಟ್ಟಿಯಾಗಿಯೇ ಇದೆ, ಹಾಳೆ ಹರಿದರೆ ಹೊಸದು ಹಾಕಬಹುದು. ಆದರೆ ಕಾಲ ಕೆಳಗಿನ ಮಣ್ಣು ಸೋತಿದೆ. ಮೊದಲ ಎರಡು ಮೂರು ಬೆಳೆ ಭರ್ಜರಿಯಾಗಿ ಬಂದು, ಆಮೇಲೆ ವರ್ಷದಿಂದ ವರ್ಷಕ್ಕೆ ಇಳುವರಿ ಇಳಿದ ಕತೆ ಈ ಭಾಗದ ಬೆಳೆಗಾರರಿಗೆ ಹೊಸದಲ್ಲ.

‘ಮಣ್ಣು ಬದಲಿಸಿಬಿಡಿ’ ಎಂದು ಸಲಹೆ ಕೊಡೋದು ಸುಲಭ. ಹೇಗೆ ಬದಲಿಸೋದು? ಗುದ್ದಲಿ, ಬಾಂಡ್ಲಿ ಹಿಡಿದು ತಿಂಗಳುಗಟ್ಟಲೆ ಕೆಲಸ ಮಾಡೋಕೆ ಆಳು ಸಿಗೋದಿಲ್ಲ. ಜೆಸಿಬಿ ಒಳಗೆ ಬಿಡೋಕೆ ಆಗೋದಿಲ್ಲ. ಇವೆರಡರ ನಡುವೆ ಏನೇನು ಮಾಡಬಹುದು ಅನ್ನೋದನ್ನು ಬುಡದಿಂದ ನೋಡೋಣ.

ಒಳಗಿನ ಮಣ್ಣಿಗೆ ಆಗೋದೇನು?

ಪಾಲಿಹೌಸ್ ಎಂದರೆ ಮಣ್ಣಿನ ಮೇಲೆ ಹಿಡಿದ ದೊಡ್ಡ ಕೊಡೆ. ಮಳೆ ಒಳಗೆ ಬೀಳುವುದಿಲ್ಲ. ಬೆಳೆಗೆ ಅದು ಒಳ್ಳೆಯದೇ. ಆದರೆ ಮಣ್ಣಿಗೆ ಮಳೆ ಮಾಡುವ ಒಂದು ಉಪಕಾರ ತಪ್ಪಿಹೋಗುತ್ತದೆ. ಬಯಲಿನ ಹೊಲದಲ್ಲಿ ಜೋರು ಮಳೆ ಬಂದಾಗ, ಮಣ್ಣಿನಲ್ಲಿ ಉಳಿದ ಗೊಬ್ಬರದ ಉಪ್ಪನ್ನು ನೀರು ಕರಗಿಸಿಕೊಂಡು ಬೇರಿನ ಆಳಕ್ಕಿಂತ ಕೆಳಗೆ ಇಳಿಸುತ್ತದೆ. ಪಾಲಿಹೌಸ್‌ನಲ್ಲಿ ಈ ತೊಳೆತ ಇಲ್ಲ. ಡ್ರಿಪ್‌ನಲ್ಲಿ ದಿನವೂ ಗೊಬ್ಬರ ಬೆರೆತ ನೀರು ಬರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಕೂರುತ್ತದೆ. ಸ್ನಾನದ ನೀರು ಕಾಯಿಸುವ ಹಂಡೆಯ ಒಳಗೆ ವರ್ಷಗಳಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಹಾಗೇ. ಬೋರ್‌ವೆಲ್ ನೀರು ಗಡಸಾಗಿದ್ದ ಕಡೆ ಈ ಪೊರೆ ಇನ್ನೂ ಬೇಗ ಕಟ್ಟುತ್ತದೆ.

ಮಣ್ಣು ಪರೀಕ್ಷೆಯ ಚೀಟಿಯಲ್ಲಿ ‘ಇ.ಸಿ.’ ಎಂದು ಬರೆದಿರುವುದು ಇದೇ ಉಪ್ಪಿನ ಅಳತೆ. ಉಪ್ಪು ಜಾಸ್ತಿಯಾದಷ್ಟೂ ಮಣ್ಣಿನ ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಅದನ್ನೇ ಅಳೆದು ಉಪ್ಪಿನ ಅಂದಾಜು ಮಾಡುತ್ತಾರೆ. ಉಪ್ಪು ಮಿತಿಮೀರಿದರೆ ಮಣ್ಣಿನಲ್ಲಿ ತೇವ ಇದ್ದರೂ ಬೇರಿಗೆ ಅದನ್ನು ಎಳೆದುಕೊಳ್ಳೋಕೆ ಆಗುವುದಿಲ್ಲ. ನೀರಿನ ನಡುವೆಯೇ ಗಿಡ ಬಾಯಾರಿ ನಿಲ್ಲುತ್ತದೆ.

ಎರಡನೆಯ ಕಾಟ ಕಣ್ಣಿಗೆ ಕಾಣದ್ದು. ಬೆಳೆಗಾರರು ‘ನೆಮಟೋಡ್’ ಎಂದೇ ಕರೆಯುವ ಜಂತುಹುಳು. ಕೂದಲಿಗಿಂತ ಸಣ್ಣಗಿರುವ ಈ ಹುಳು ಬೇರಿನೊಳಗೆ ಸೇರಿಕೊಂಡರೆ ಬೇರು ಗಂಟುಗಂಟಾಗಿ ಊದುತ್ತದೆ. ಒಂದು ಹೆಣ್ಣು ಹುಳು ನೂರಾರು ಮೊಟ್ಟೆ ಇಡುತ್ತದೆ. ಬೆಚ್ಚಗಿನ ಮಣ್ಣಿನಲ್ಲಿ ಸುಮಾರು ಒಂದು ತಿಂಗಳಿಗೆ ಒಂದು ತಲೆಮಾರು ಮುಗಿಯುತ್ತದೆ. ಪಾಲಿಹೌಸ್‌ನಲ್ಲಿ ವರ್ಷವಿಡೀ ಬೆಚ್ಚಗಿರುತ್ತದೆ, ವರ್ಷವಿಡೀ ತೇವ ಇರುತ್ತದೆ, ವರ್ಷವಿಡೀ ಅದೇ ಬೆಳೆಯ ಬೇರು ಸಿಗುತ್ತದೆ. ಹುಳುವಿಗೆ ಇದಕ್ಕಿಂತ ಒಳ್ಳೆಯ ತವರುಮನೆ ಇನ್ನೆಲ್ಲಿ? ಹುಳು ಕೊರೆದ ಗಾಯದ ದಾರಿಯಲ್ಲೇ ಫ್ಯುಸೇರಿಯಂನಂಥ ಶಿಲೀಂಧ್ರ ಒಳಗೆ ಹೋಗಿ ಗಿಡ ಸೊರಗುತ್ತದೆ.

ಇದು ನಮ್ಮ ಊರಿಗೇ ಬಂದ ಕಷ್ಟ ಅಂದುಕೊಳ್ಳಬೇಡಿ. 20ನೇ ಶತಮಾನದ ಶುರುವಿನಲ್ಲೇ ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಸಂಶೋಧನಾ ಕೇಂದ್ರದವರು ಗಾಜಿನ ಮನೆಗಳ ಮಣ್ಣಿಗೆ ಬರುವ ‘ಕಾಯಿಲೆ’ಯನ್ನು ಅಧ್ಯಯನ ಮಾಡಿದ್ದರು.

ಬದಲಿಸಲೇಬೇಕಾ?

ಎಲ್ಲರೂ ಬದಲಿಸಬೇಕಿಲ್ಲ. ಮಣ್ಣು ಹೊರಗೆ ಹಾಕೋದು ಕೊನೆಯ ಮದ್ದು. ಅದಕ್ಕೆ ಮೊದಲು ಮಾಡಿ ನೋಡುವ ಕೆಲಸಗಳಿವೆ.

ಬರೀ ಉಪ್ಪಿನ ತೊಂದರೆಯಾದರೆ, ನೀರು ಬಸಿದು ಹೋಗುವ ಮಣ್ಣಾಗಿದ್ದರೆ, ಬೆಳೆ ಇಲ್ಲದ ಹೊತ್ತಿನಲ್ಲಿ ಒಳ್ಳೆಯ ನೀರು ಹಾಯಿಸಿ ಉಪ್ಪನ್ನು ಕೆಳಗಿಳಿಸಬಹುದು. ಹಾಳೆ ಬದಲಿಸುವ ವರ್ಷ ಒಂದು ಮಳೆಗಾಲ ಹಾಗೇ ತೆರೆದಿಟ್ಟರೆ ಮಳೆಯೇ ಈ ಕೆಲಸ ಮಾಡುತ್ತದೆ. ಹುಳುವಿನ ಕಾಟ ಈಗಷ್ಟೇ ಶುರುವಾಗಿದ್ದರೆ ಏಪ್ರಿಲ್, ಮೇ ಬಿಸಿಲಿನಲ್ಲಿ ಮಣ್ಣನ್ನು ನೆನೆಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ನಾಲ್ಕರಿಂದ ಆರು ವಾರ ಬಿಟ್ಟರೆ ಮೇಲಿನ ಪದರ ಬೇಯುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಟ್ರೈಕೋಡರ್ಮಾದಂಥ ಉಪಕಾರಿ ಶಿಲೀಂಧ್ರಗಳನ್ನು ಬೇವಿನ ಹಿಂಡಿ, ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ ಮಡಿಗೆ ಹಾಕುವ ಪದ್ಧತಿ ಬೆಳೆಸಿದೆ. ರೋಗ ತಡೆಯುವ ಬುಡಕ್ಕೆ ಕಸಿ ಕಟ್ಟಿದ ಸಸಿಯೂ ಒಂದು ದಾರಿ.

ಹಿಂದೆ ಮೀಥೈಲ್ ಬ್ರೋಮೈಡ್ ಎಂಬ ಅನಿಲವನ್ನು ಮಣ್ಣಿಗೆ ಬಿಟ್ಟರೆ ಎಲ್ಲವೂ ಸಾಯುತ್ತಿತ್ತು. ಅದು ಓಝೋನ್ ಪದರವನ್ನೂ ಕೊರೆಯುತ್ತದೆ. ಹಾಗಾಗಿ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಮುಂದುವರಿದ ದೇಶಗಳು 2005ಕ್ಕೆ, ನಮ್ಮಂಥ ದೇಶಗಳು 2015ಕ್ಕೆ ಕೃಷಿಯಲ್ಲಿ ಅದರ ಸಾಮಾನ್ಯ ಬಳಕೆ ನಿಲ್ಲಿಸಬೇಕಾಯಿತು. ‘ಒಂದು ಔಷಧಿ ಬಿಟ್ಟರೆ ಮುಗೀತು’ ಅನ್ನುವ ಕಾಲ ಹೋಯಿತು. ಮಣ್ಣು ಎತ್ತಿ ಹಾಕುವ ಮಾತು ಮತ್ತೆ ಬಂದಿರುವುದಕ್ಕೆ ಇದೂ ಒಂದು ಕಾರಣ.

ಉಪ್ಪು, ಹುಳು, ಸೊರಗು ರೋಗ ಮೂರೂ ಸೇರಿಕೊಂಡು, ಮೇಲಿನ ಉಪಾಯಗಳೆಲ್ಲ ಒಂದೊಂದು ಬೆಳೆಗಷ್ಟೇ ಸಾಕಾಗುತ್ತಿದ್ದರೆ ಆಗ ಮಣ್ಣು ಬದಲಿಸುವ ಲೆಕ್ಕ ಹಾಕಬೇಕು.

ಒಂದು ಎಕರೆ ಎಂದರೆ ಎಷ್ಟು ಮಣ್ಣು?

ಇಲ್ಲಿ ಸ್ವಲ್ಪ ಗಣಿತ ಬೇಕು. ಬಿಡಬೇಡಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಒಂದು ಎಕರೆ ಪಾಲಿಹೌಸ್ ಅಂದರೆ ಸುಮಾರು 4,000 ಚದರ ಮೀಟರ್. ಒಂದು ಅಡಿ, ಅಂದರೆ 30 ಸೆಂಟಿಮೀಟರ್ ಮಣ್ಣು ತೆಗೆದರೆ 1,200 ಘನ ಮೀಟರ್. ತೂಕದಲ್ಲಿ ಸುಮಾರು 1,500 ಟನ್. ನೆಲದಲ್ಲಿ ಒತ್ತಾಗಿ ಕೂತ ಮಣ್ಣನ್ನು ಅಗೆದಾಗ ಅದು ಉಬ್ಬುತ್ತದೆ. ಡಬ್ಬಿಯಲ್ಲಿ ಅದುಮಿಟ್ಟ ರಾಗಿ ಹಿಟ್ಟನ್ನು ಜರಡಿ ಹಿಡಿದು ವಾಪಸ್ ತುಂಬಿ ನೋಡಿ, ಡಬ್ಬಿ ಸಾಲುವುದಿಲ್ಲ. ಮಣ್ಣೂ ಹಾಗೇ, ಕಾಲು ಭಾಗದಷ್ಟು ಉಬ್ಬುತ್ತದೆ ಎಂದಿಟ್ಟುಕೊಳ್ಳಿ. 1,200 ಹೋಗಿ 1,500 ಘನ ಮೀಟರ್ ಆಯಿತು. ಒಂದು ಟ್ರ್ಯಾಕ್ಟರ್ ಲೋಡಿಗೆ 100 ಘನ ಅಡಿ, ಅಂದರೆ ಮೂರು ಘನ ಮೀಟರಿಗೆ ಸ್ವಲ್ಪ ಕಮ್ಮಿ ಹಿಡಿಯುತ್ತದೆ. ಹೊರಗೆ ಹಾಕೋಕೆ 500ಕ್ಕೂ ಹೆಚ್ಚು ಲೋಡು. ಒಳಗೆ ತರೋಕೆ ಮತ್ತೆ ಅಷ್ಟೇ. ಒಟ್ಟು ಸಾವಿರ ಲೋಡು!

ಒಬ್ಬ ಆಳು ಅಗೆದು, ಬಾಂಡ್ಲಿಗೆ ತುಂಬಿ, ಬಾಗಿಲ ತನಕ ಹೊತ್ತು ಹಾಕಿದರೆ ದಿನಕ್ಕೆ ಎರಡು ಘನ ಮೀಟರ್ ಎಂದುಕೊಳ್ಳೋಣ. ಅದೂ ಹಾಳೆಯ ಕೆಳಗಿನ ಸೆಕೆಯಲ್ಲಿ. ಹೊರಗೆ ಹಾಕುವುದಕ್ಕೇ 750 ಆಳಿನ ಕೂಲಿ ಬೇಕು. ಹತ್ತು ಜನ ಬಂದರೂ ಎರಡೂವರೆ ತಿಂಗಳು. ಅಷ್ಟರಲ್ಲಿ ಒಂದು ಹಂಗಾಮೇ ಮುಗಿದಿರುತ್ತದೆ.

ಈಗ ಇನ್ನೊಂದು ಲೆಕ್ಕ. ಪಾಲಿಹೌಸ್‌ನಲ್ಲಿ ನೆಲವೆಲ್ಲ ಬೆಳೆಯಲ್ಲ. ಒಂದು ಮೀಟರ್ ಅಗಲದ ಏರುಮಡಿ, ಮಧ್ಯೆ ಅರ್ಧ ಮೀಟರ್ ಕಾಲುದಾರಿ. ಬೆಳೆಗಾರರ ಬಾಯಲ್ಲಿ ಏರುಮಡಿ ‘ಬೆಡ್’. ಅಂಚು, ನಡುವಿನ ದಾರಿ ಕಳೆದರೆ ಬೆಡ್ ಇರುವುದು ಸುಮಾರು 2,400 ಚದರ ಮೀಟರ್ ಜಾಗದಲ್ಲಿ. ನೆಲದ ಮೇಲೆ ಒಂದು ಅಡಿ ಎತ್ತರಿಸಿದ ಈ ಮಣ್ಣನ್ನು ಮಾತ್ರ ತೆಗೆದರೆ 720 ಘನ ಮೀಟರ್. ಉಬ್ಬಿದ ಮೇಲೆ 900. ಲೋಡು 300ರ ಆಸುಪಾಸಿಗೆ ಇಳಿಯಿತು. ಒಂದು ಟೇಪು ಹಿಡಿದು ಅಳೆದಿದ್ದಕ್ಕೇ ಕೆಲಸ ಐದರಲ್ಲಿ ಮೂರು ಪಾಲಾಯಿತು. ಯಂತ್ರ ತರಿಸುವ ಮುಂಚೆ ಮಾಡಬೇಕಾದ ಕೆಲಸ ಇದೇ ಎಂದು ನನಗನ್ನಿಸುತ್ತದೆ. ಎಲ್ಲೆಲ್ಲಿ ಗಂಟುಬೇರು ಸಿಕ್ಕಿದೆ ಎಂದು ನಕ್ಷೆ ಗುರುತು ಮಾಡಿಕೊಂಡರೆ ಇನ್ನೂ ಕಮ್ಮಿಯಾಗಬಹುದು.

ಹಾಗಂತ ಬೆಡ್ ತೆಗೆದ ಮಾತ್ರಕ್ಕೆ ಹುಳು ಪೂರ್ತಿ ಹೋಗುತ್ತದೆ ಎಂದಲ್ಲ. ಬೇರು ಎಷ್ಟು ಆಳಕ್ಕೆ ಹೋಗಿದೆಯೋ ಹುಳುವೂ ಅಲ್ಲಿ ತನಕ ಇಳಿದಿರುತ್ತದೆ. ಹಾಗಾಗಿ ಬೆಡ್ ತೆಗೆದ ಮೇಲೆ ಬರಿದಾದ ನೆಲಕ್ಕೆ ಬಿಸಿಲು ಹಾಳೆಯದ್ದೋ, ಬೇವಿನ ಹಿಂಡಿಯದ್ದೋ ಉಪಚಾರ ಆಗಲೇಬೇಕು.

ಜೆಸಿಬಿ ಯಾಕೆ ಬೇಡ?

ಮಣ್ಣಿನ ಕೆಲಸ ಅಂದ ತಕ್ಷಣ ನಮ್ಮಲ್ಲಿ ಬಾಯಿಗೆ ಬರುವ ಹೆಸರು ಅದು. ಕೆರೆ ಹೂಳೆತ್ತಲಿ, ಪಾಯ ತೋಡಲಿ, ಜೆಸಿಬಿ ಬಂದರೆ ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ. ಪಾಲಿಹೌಸ್‌ನಲ್ಲಿ ಮಾತ್ರ ಅದರ ಬಲವೇ ಅದಕ್ಕೆ ಶತ್ರು.

ಹಿಂದೊಂದು ಮುಂದೊಂದು ಬಕೆಟ್ ಇರುವ ಆ ಯಂತ್ರ ಏಳೆಂಟು ಟನ್ ತೂಗುತ್ತದೆ. ಅಗಲ ಎರಡು ಮೀಟರಿಗಿಂತ ಜಾಸ್ತಿ. ನಮ್ಮಲ್ಲಿ ಸಾಮಾನ್ಯವಾಗಿ ಕಟ್ಟುವ, ತನ್ನಷ್ಟಕ್ಕೇ ಗಾಳಿಯಾಡುವ ಪಾಲಿಹೌಸ್‌ನಲ್ಲಿ ಕಂಬಗಳು ಒಂದು ದಿಕ್ಕಿಗೆ ಎಂಟು ಮೀಟರಿಗೊಂದು, ಇನ್ನೊಂದು ದಿಕ್ಕಿಗೆ ನಾಲ್ಕು ಮೀಟರಿಗೊಂದು ಇರುತ್ತವೆ. ನಾಲ್ಕೈದು ಮೀಟರ್ ಎತ್ತರದಲ್ಲಿ ಮಳೆನೀರಿನ ಗಟರ್. ಅದಕ್ಕಿಂತ ಕೆಳಗೆ ಗಿಡ ಕಟ್ಟುವ ತಂತಿ, ಮಂಜು ಚಿಮುಕಿಸುವ ಫಾಗರ್ ಪೈಪು. ಜೆಸಿಬಿ ತೋಳು ಎತ್ತಿ ತಿರುಗಿಸಿದರೆ ಇವುಗಳಲ್ಲಿ ಒಂದಕ್ಕಾದರೂ ತಾಗುತ್ತದೆ. ಅಡುಗೆಮನೆಯ ಅಟ್ಟದ ಕೆಳಗೆ ಒನಕೆ ಎತ್ತಿ ಕುಟ್ಟಿದ ಹಾಗೆ.

ಕಂಬಕ್ಕೆ ತಾಗೋದು ಕಣ್ಣಿಗೆ ಕಾಣುವ ಅಪಾಯ. ಕಾಣದ ಅಪಾಯ ಕಂಬದ ಬುಡದಲ್ಲಿದೆ. ಪಾಲಿಹೌಸ್ ತುಂಬಾ ಹಗುರ. ಅದಕ್ಕೆ ಕುಸಿಯುವ ಭಯಕ್ಕಿಂತ ಹಾರಿಹೋಗುವ ಭಯ ಜಾಸ್ತಿ. ಗಾಳಿಗೆ ಕೊಡೆ ಮೇಲಕ್ಕೆ ಎಳೆದ ಹಾಗೆ, ಮುಂಗಾರಿನ ಮುಂಚಿನ ಬಿರುಗಾಳಿ ಇಡೀ ಚಾವಣಿಯನ್ನು ಮೇಲಕ್ಕೆ ಎಳೆಯುತ್ತದೆ. ಅದನ್ನು ಹಿಡಿದಿಟ್ಟಿರುವುದು ಕಂಬದ ಬುಡದ ಕಾಂಕ್ರೀಟ್ ಗಡ್ಡೆ, ಮತ್ತು ಆ ಗಡ್ಡೆಯ ಸುತ್ತ ಬಿಗಿಯಾಗಿ ಕೂತ ಮಣ್ಣು. ಆ ಮಣ್ಣನ್ನೇ ಒಂದು ಅಡಿ ಕೆರೆದುಬಿಟ್ಟರೆ ಹಿಡಿತ ಸಡಿಲವಾಗುತ್ತದೆ. ಆದ್ದರಿಂದ ಕಂಬದ ಸುತ್ತ ಎರಡು ಅಡಿಯಷ್ಟು ಜಾಗಕ್ಕೆ ಸುಣ್ಣದಲ್ಲಿ ಗೆರೆ ಹಾಕಿ, ಅದರೊಳಗೆ ಯಂತ್ರದ ಬಕೆಟ್ ಬರಕೂಡದು ಎಂದು ಮೊದಲೇ ಹೇಳಿಬಿಡಬೇಕು. ಅಲ್ಲಿ ಸಲಿಕೆಯೇ ಸರಿ. ಬಿರುಗಾಳಿಯ ದಿನಗಳಲ್ಲಿ ಈ ಕೆಲಸಕ್ಕೆ ಕೈ ಹಾಕದಿದ್ದರೆ ಇನ್ನೂ ಒಳ್ಳೆಯದು.

ಮೂರನೆಯದು ಚಕ್ರದ ಭಾರ. ಎಂಟು ಟನ್ನಿನ ಯಂತ್ರ ನಾಲ್ಕು ಚಕ್ರದ ಮೇಲೆ ಓಡಾಡಿದರೆ ಕೆಳಗಿನ ನೆಲ ಚಪ್ಪಡಿ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಅದರ ಮೇಲೆ ಎಷ್ಟೇ ಒಳ್ಳೆಯ ಹೊಸ ಮಣ್ಣು ಹಾಕಿ, ನೀರು ಕೆಳಗಿಳಿಯದೆ ನಿಲ್ಲುತ್ತದೆ. ನೀರು ಇಳಿಯದಿದ್ದರೆ ಉಪ್ಪೂ ಇಳಿಯದು. ಯಾವ ಕಾಯಿಲೆಗೆ ಮಣ್ಣು ಬದಲಿಸಿದಿರೋ ಅದೇ ಕಾಯಿಲೆ ವಾಪಸ್.

ಹಾಗಾದರೆ ಯಾವ ಯಂತ್ರ?

ಮೂರು ಬಗೆಯ ಸಣ್ಣ ಯಂತ್ರಗಳು ಇಲ್ಲಿ ಕೆಲಸಕ್ಕೆ ಬರುತ್ತವೆ.

ಮೊದಲನೆಯದು ಮಿನಿ ಎಕ್ಸ್‌ಕವೇಟರ್. ದೊಡ್ಡ ಹಿಟಾಚಿಯ ಮರಿ ಎಂದುಕೊಳ್ಳಿ. ಒಂದೂವರೆ ಎರಡು ಟನ್ ತೂಕದ ಮಾದರಿಗಳು ಹೆಚ್ಚುಕಮ್ಮಿ ಒಂದು ಮೀಟರ್ ಅಗಲ ಇರುತ್ತವೆ. ಚಕ್ರದ ಬದಲು ರಬ್ಬರ್ ಪಟ್ಟಿ. ಭಾರ ಅಷ್ಟೂ ಉದ್ದಕ್ಕೆ ಹರಡುವುದರಿಂದ ನೆಲದ ಮೇಲೆ ಬೀಳುವ ಒತ್ತಡ ನಡೆಯುವ ಮನುಷ್ಯನ ಒಂದು ಪಾದ ಒತ್ತುವಷ್ಟೇ ಇರುತ್ತದೆ. ಒಂದೂವರೆ ಟನ್ ತೂಗುವ ಯಂತ್ರ ಇಷ್ಟು ಹಗುರವಾಗಿ ನಡೆಯುತ್ತದೆ ಅನ್ನೋದು ಮೊದಲ ಸಲ ಕೇಳಿದಾಗ ನಂಬೋಕೆ ಕಷ್ಟ. ಇವುಗಳಲ್ಲಿ ಕೆಲವು ತಿರುಗಿದಾಗ ಹಿಂಭಾಗ ಪಟ್ಟಿಯ ಅಗಲದಿಂದ ಹೊರಗೆ ಚಾಚುವುದಿಲ್ಲ. ಬಾಡಿಗೆಗೆ ತರುವಾಗ ಅಂಥದ್ದನ್ನೇ ಕೇಳಿ. ಕಂಬಕ್ಕೆ ಬಡಿಯುವ ಅಪಾಯ ಅರ್ಧ ತಪ್ಪುತ್ತದೆ.

ಎರಡನೆಯದು ಬಾಬ್‌ಕ್ಯಾಟ್ ಎಂದು ಎಲ್ಲರೂ ಕರೆಯುವ ಸ್ಕಿಡ್ ಸ್ಟಿಯರ್ ಲೋಡರ್. ನಿಂತಲ್ಲೇ ಬುಗುರಿಯಂತೆ ತಿರುಗುತ್ತದೆ. ಅದು ಮಣ್ಣನ್ನು ತುಂಬಿಕೊಂಡು, ತಾನೇ ಬಾಗಿಲ ತನಕ ಒಯ್ದು ಸುರಿಯುತ್ತದೆ. ಅಗೆಯುವವನೂ ಹೊರುವವನೂ ಒಬ್ಬನೇ ಆದ ಹಾಗೆ. ತೊಂದರೆ ಏನೆಂದರೆ, ಚಕ್ರಗಳನ್ನು ನೆಲಕ್ಕೆ ಉಜ್ಜಿಕೊಂಡೇ ಅದು ತಿರುಗುವುದು. ಒದ್ದೆ ನೆಲದಲ್ಲಿ ತಿರುಗಿದರೆ ಕೆಸರು ತುಳಿದ ಹಾಗಾಗುತ್ತದೆ.

ಮೂರನೆಯದು ನಮ್ಮ ಮಿನಿ ಟ್ರ್ಯಾಕ್ಟರ್. ಹಿಂದೆ ಎತ್ತಿ ಸುರಿಯುವ ಪುಟ್ಟ ಟ್ರೈಲರ್ ಕಟ್ಟಿದರೆ ಸಾಗಣೆಗೆ, ಬ್ಲೇಡ್ ಕಟ್ಟಿದರೆ ನೆಲ ಸಮ ಮಾಡೋಕೆ, ರೋಟವೇಟರ್ ಕಟ್ಟಿದರೆ ಹೊಸ ಮಣ್ಣಿಗೆ ಗೊಬ್ಬರ ಬೆರೆಸೋಕೆ. ಈ ಭಾಗದ ಎಷ್ಟೋ ಬೆಳೆಗಾರರ ಹತ್ತಿರ ಇದು ಆಗಲೇ ಇದೆ.

ಇವುಗಳ ಜೊತೆಗೆ ಸಾಗಿಸಬಲ್ಲ ಬೆಲ್ಟ್ ಕನ್ವೇಯರ್ ಕೂಡ ಉಂಟು. ಮರಳು, ಜಲ್ಲಿ ಕೆಲಸದಲ್ಲಿ ನೋಡಿರುತ್ತೀರಿ. ಬಾಗಿಲು ಚಿಕ್ಕದಿದ್ದು ಯಾವ ಯಂತ್ರವೂ ತೂರದ ಕಡೆ, ಪಕ್ಕದ ಪರದೆ ಎತ್ತಿ ಅಲ್ಲಿಂದ ಬೆಲ್ಟ್ ಹಾಯಿಸಿ ಮಣ್ಣು ಹೊರಗೆ ಬೀಳಿಸಬಹುದು. ಆದರೆ ಬೆಡ್‌ನಿಂದ ಬೆಡ್‌ಗೆ ಅದನ್ನು ಸರಿಸುವುದೇ ಒಂದು ಕೆಲಸವಾಗುತ್ತದೆ.

ಒಂದು ಮಾತು ಮರೆಯಬಾರದು. ಡೀಸೆಲ್ ಇಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆ ಇಲ್ಲ. ಪಕ್ಕದ ಪರದೆಗಳನ್ನು ಪೂರ್ತಿ ಎತ್ತದೆ ಒಳಗೆ ಯಂತ್ರ ಚಾಲೂ ಮಾಡಲೇಬಾರದು.

ಮದುವೆ ಊಟದ ಪಂಕ್ತಿ

ಯಂತ್ರ ತಂದರೂ ಕೆಲಸ ಬೇಗ ಆಗಲಿಲ್ಲ ಎಂದು ಗೊಣಗುವವರು ಇದ್ದಾರೆ. ಕಾರಣ ಸಾಮಾನ್ಯವಾಗಿ ಯಂತ್ರದಲ್ಲಿ ಇರೋದಿಲ್ಲ, ಸರಪಳಿಯಲ್ಲಿ ಇರುತ್ತದೆ. ಮದುವೆ ಮನೆಯಲ್ಲಿ ಅಡುಗೆಯವರು ಎಷ್ಟೇ ಬೇಗ ಅನ್ನ ಇಳಿಸಲಿ, ಬಡಿಸುವವರು ಇಬ್ಬರೇ ಇದ್ದರೆ ಪಂಕ್ತಿ ಏಳೋದಿಲ್ಲ.

ಉದಾಹರಣೆಗೆ ಒಂದು ಮಿನಿ ಎಕ್ಸ್‌ಕವೇಟರ್, ಒಂದು ಘನ ಮೀಟರ್ ಹಿಡಿಯುವ ಒಂದು ಟ್ರೈಲರ್ ಇಟ್ಟುಕೊಳ್ಳಿ. ಟ್ರೈಲರ್ ತುಂಬೋಕೆ 7 ನಿಮಿಷ. ಬಾಗಿಲಾಚೆ ಹೋಗಿ, ಸುರಿದು, ವಾಪಸ್ ಬರೋಕೆ 5 ನಿಮಿಷ. ಆ 5 ನಿಮಿಷ ಎಕ್ಸ್‌ಕವೇಟರ್ ಸುಮ್ನೆ ನಿಂತಿರುತ್ತದೆ, ಬಾಡಿಗೆ ಮೀಟರ್ ಮಾತ್ರ ಓಡುತ್ತಿರುತ್ತದೆ. ಒಟ್ಟು 12 ನಿಮಿಷಕ್ಕೆ ಒಂದು ಟ್ರಿಪ್, ಗಂಟೆಗೆ 5 ಘನ ಮೀಟರ್.

‘ನಿಧಾನ ಆಯ್ತು, ದೊಡ್ಡ ಯಂತ್ರ ತರೋಣ’ ಎಂದು ಎರಡು ಪಟ್ಟು ಬಲದ್ದನ್ನು ತಂದರೆ? ತುಂಬೋಕೆ ಮೂರೂವರೆ ನಿಮಿಷ, ಸಾಗಿಸೋಕೆ ಅದೇ 5 ನಿಮಿಷ. ಗಂಟೆಗೆ 7 ಘನ ಮೀಟರ್. ಅದರ ಬದಲು ಸಣ್ಣ ಯಂತ್ರವನ್ನೇ ಇಟ್ಟುಕೊಂಡು ಇನ್ನೊಂದು ಟ್ರೈಲರ್ ಸೇರಿಸಿದರೆ? ಒಂದು ಹೋಗಿ ಬರುವಷ್ಟರಲ್ಲಿ ಇನ್ನೊಂದು ತುಂಬುತ್ತಿರುತ್ತದೆ. ಎಕ್ಸ್‌ಕವೇಟರ್ ನಿಲ್ಲುವ ಹಾಗೇ ಇಲ್ಲ. ಗಂಟೆಗೆ ಎಂಟೂವರೆ ಘನ ಮೀಟರ್. ಪಕ್ಕದ ತೋಟದವರ ಮಿನಿ ಟ್ರ್ಯಾಕ್ಟರನ್ನು ಎರಡು ವಾರಕ್ಕೆ ಕೇಳಿ ತಂದರೆ, ದೊಡ್ಡ ಯಂತ್ರಕ್ಕಿಂತ ಜಾಸ್ತಿ ಲಾಭ. ಬೆಡ್ ಮಣ್ಣು ಮಾತ್ರ ತೆಗೆಯುವ ಲೆಕ್ಕದ ನಮ್ಮ 900 ಘನ ಮೀಟರ್, ದಿನಕ್ಕೆ ಎಂಟು ಗಂಟೆಯಂತೆ ಸುಮಾರು ಹದಿಮೂರು ಹದಿನಾಲ್ಕು ದಿನಕ್ಕೆ ಹೊರಗೆ ಹೋಗುತ್ತದೆ.

ಇದೆಲ್ಲ ಆಗೋದು ಟ್ರೈಲರ್ ಎದುರುಬದುರಾಗದೆ ಓಡಾಡಿದರೆ ಮಾತ್ರ. ಒಂದೇ ಬಾಗಿಲಿದ್ದರೆ ಒಳಗೆ ಹೋಗುವವನು ಹೊರಗೆ ಬರುವವನಿಗೆ ಕಾಯಬೇಕು. ಆದ್ದರಿಂದ ಕೆಲಸದ ಮಟ್ಟಿಗಾದರೂ ಎದುರಿನ ಗೋಡೆಯ ಒಂದು ಅಂಕಣದ ಹಾಳೆ, ಬಲೆ ಬಿಚ್ಚಿ ಎರಡನೆಯ ದಾರಿ ಮಾಡಿಕೊಳ್ಳಬೇಕು. ಚಾವಣಿಯ ಹಾಳೆಗೆ ಮೂರು ನಾಲ್ಕು ವರ್ಷ ತುಂಬಿ ಹೇಗೂ ಬದಲಿಸಬೇಕಿದ್ದರೆ, ಮಣ್ಣಿನ ಕೆಲಸವನ್ನೂ ಅದೇ ಹೊತ್ತಿಗೆ ಇಟ್ಟುಕೊಳ್ಳುವುದು ಜಾಣತನ. ಚಾವಣಿ ಇಲ್ಲದಿದ್ದರೆ ಸೆಕೆ ಇಲ್ಲ, ಹೊಗೆ ತುಂಬುವ ಭಯ ಇಲ್ಲ, ಗಾಳಿ ಎಳೆಯುವ ಭಯವೂ ಇಲ್ಲ.

ಹೊಸದಾಗಿ ಪಾಲಿಹೌಸ್ ಕಟ್ಟಿಸುವವರು ಬಾಗಿಲಿನ ಅಗಲವನ್ನು ಮನುಷ್ಯರ ಲೆಕ್ಕದಲ್ಲಿ ಇಡುತ್ತಾರೆ. ಅದರ ಬದಲು ಎದುರುಬದುರು ಎರಡು ಬಾಗಿಲು, ಮಿನಿ ಟ್ರ್ಯಾಕ್ಟರ್ ಸಲೀಸಾಗಿ ತೂರುವ ಅಗಲ, ನಡುವೆ ನೇರ ದಾರಿ ಇರಲಿ. ಕಟ್ಟುವಾಗ ಇದಕ್ಕೆ ಆಗುವ ಖರ್ಚು ಅಲ್ಪ, ಆಮೇಲೆ ಮಾಡಿಸುವುದು ಕಷ್ಟ.

ಸ್ಪೇನಿನವರು, ಡಚ್ಚರು ಏನು ಮಾಡಿದರು?

ಸ್ಪೇನಿನ ಅಲ್ಮೇರಿಯಾದಲ್ಲಿ 30,000 ಹೆಕ್ಟೇರಿಗೂ ಹೆಚ್ಚು ಹಸಿರುಮನೆಗಳಿವೆ. ಅಲ್ಲಿನ ಹಳೆಯ ಪದ್ಧತಿಯಲ್ಲಿ ಕೆಳಗೆ ಮಣ್ಣು, ಅದರ ಮೇಲೆ ಗೊಬ್ಬರ, ಎಲ್ಲಕ್ಕಿಂತ ಮೇಲೆ ಸುಮಾರು ಹತ್ತು ಸೆಂಟಿಮೀಟರ್ ಮರಳು. ಮರಳು ತೇವ ಆರದಂತೆ, ಉಪ್ಪು ಮೇಲೇರದಂತೆ ನೋಡಿಕೊಳ್ಳುತ್ತದೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಕೆಳಗಿನ ಗೊಬ್ಬರ ಸವೆದಾಗ ಅವರು ಮರಳನ್ನು ಒಂದು ಪಟ್ಟಿಯಷ್ಟು ಪಕ್ಕಕ್ಕೆ ಸರಿಸಿ, ಹೊಸ ಗೊಬ್ಬರ ಹಾಸಿ, ಮುಂದಿನ ಪಟ್ಟಿಯ ಮರಳನ್ನು ಇದರ ಮೇಲೆ ಎಳೆಯುತ್ತಿದ್ದರು. ಈ ಕೆಲಸಕ್ಕೆ ಅವರು ಇಟ್ಟ ಹೆಸರು ‘ರೆತ್ರಾಂಕೆಯೊ’. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸುವುದನ್ನು ಇದು ನೆನಪಿಸುತ್ತದೆ. ಇಡೀ ಮಾಡು ಬಿಚ್ಚುವುದಿಲ್ಲ, ಸಾಲು ಸಾಲಾಗಿ ಸರಿಸುತ್ತಾ ಹೋಗುತ್ತಾರೆ. ಪಟ್ಟಿ ಪಟ್ಟಿಯಾಗಿ ಮಾಡುವ ಈ ಉಪಾಯ ನಮ್ಮ ಯಂತ್ರಗಳಿಗೂ ಹೊಂದುತ್ತದೆ.

ಡಚ್ಚರು ಬೇರೆ ದಾರಿ ಹಿಡಿದರು. ಮೊದಲು ಹಬೆ ಹಾಯಿಸಿ ಮಣ್ಣನ್ನು ಬೇಯಿಸುತ್ತಿದ್ದರು. 1970ರ ದಶಕದಿಂದ ತರಕಾರಿ ಬೆಳೆಗೆ ಮಣ್ಣನ್ನೇ ಬಿಟ್ಟು, ಕರಗಿಸಿದ ಕಲ್ಲಿನ ಎಳೆಗಳಿಂದ ಮಾಡಿದ ಹಾಸಿನ ಮೇಲೆ ಬೆಳೆಯತೊಡಗಿದರು. ಬೆಳೆ ಕೆಟ್ಟರೆ ಆ ಹಾಸನ್ನು ಎತ್ತಿ ಬೇರೆ ಇಟ್ಟರಾಯಿತು.

ನಮ್ಮಲ್ಲಿ ಅದಕ್ಕೆ ಸಾಟಿ ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪಿಟ್. ತಿಪಟೂರು, ಅರಸೀಕೆರೆ ಸೀಮೆಯ ನಾರಿನ ಕಾರ್ಖಾನೆಗಳ ಹಿಂದೆ ಇದರ ಗುಡ್ಡೆಗಳೇ ಇರುತ್ತವೆ. ಒಣಗಿದ ಕೊಕೊಪಿಟ್ ಮಣ್ಣಿನ ಹತ್ತನೇ ಒಂದು ಭಾಗದಷ್ಟೂ ತೂಗುವುದಿಲ್ಲ. ಚೀಲದಲ್ಲೋ ತೊಟ್ಟಿಯಲ್ಲೋ ತುಂಬಿ ಬೆಳೆದರೆ, ಬದಲಿಸುವ ದಿನ ಇಬ್ಬರು ಆಳು, ಒಂದು ತಳ್ಳುಗಾಡಿ ಸಾಕು. ಆದರೆ ಅದರಲ್ಲಿ ಮಣ್ಣಿನ ಹಾಗೆ ತಪ್ಪು ಹೊಟ್ಟೆಗೆ ಹಾಕಿಕೊಳ್ಳುವ ಗುಣ ಇಲ್ಲ. ಬೇಸಗೆಯಲ್ಲಿ ಒಂದು ದಿನ ಕರೆಂಟು ಹೋಗಿ ಡ್ರಿಪ್ ನಿಂತರೆ ಗಿಡ ಬಾಡುತ್ತದೆ. ಗೊಬ್ಬರದ ಲೆಕ್ಕ ತಪ್ಪಿದರೆ ಮರುದಿನವೇ ಎಲೆಯಲ್ಲಿ ಕಾಣುತ್ತದೆ.

ತೆಗೆದ ಮಣ್ಣು, ಚಕ್ರಕ್ಕೆ ಅಂಟಿದ ಮಣ್ಣು

ಹಳೆ ಮಣ್ಣನ್ನು ಬದುವಿನ ಮೇಲೆ ಸುರಿದು ಕೈ ತೊಳೆದುಕೊಂಡರೆ ಮುಂದಿನ ಮಳೆಗೆ ಅದೇ ಹುಳು ನೀರಿನ ಜೊತೆ ಪಕ್ಕದ ಟೊಮೆಟೊ ಹೊಲಕ್ಕೆ ಹೋಗುತ್ತದೆ. ಟೊಮೆಟೊ, ಬದನೆ, ಮೆಣಸು, ಸೌತೆ ಎಲ್ಲವೂ ಈ ಹುಳುವಿಗೆ ಇಷ್ಟ. ಹಳೆ ಮಣ್ಣನ್ನು ನೀರು ಹರಿಯದ ಎತ್ತರದ ಜಾಗದಲ್ಲಿ, ಬೇಸಗೆಯಲ್ಲಿ ತೆಳ್ಳಗೆ ಹರಡಿ, ಆಗಾಗ ಮಗುಚಿ ಒಣಗಿಸಬೇಕು. ಆಮೇಲೆ ಅದರ ಮೇಲೆ ಚೆಂಡು ಹೂ ಹಾಕಿದರೆ ಹುಳು ಇನ್ನಷ್ಟು ಕಮ್ಮಿಯಾಗುತ್ತದೆ.

ಯಂತ್ರಕ್ಕೂ ಇದೇ ಎಚ್ಚರಿಕೆ. ಅಂಗಳದ ಚಪ್ಪಲಿ ಹಾಕಿಕೊಂಡು ಅಡುಗೆಮನೆಗೆ ಹೋಗೋದಿಲ್ಲ ಅಲ್ವಾ? ಹಳೆ ಮಣ್ಣು ಹೊತ್ತ ಟ್ರೈಲರಿನಲ್ಲೇ ಹೊಸ ಮಣ್ಣು ತಂದರೆ ಮೂಲೆಯಲ್ಲಿ ಅಂಟಿದ ಒಂದು ಹಿಡಿ ಸಾಕು. ಹೊರ ಹಾಕುವ ಕೆಲಸ ಪೂರ್ತಿ ಮುಗಿಸಿ, ಬಕೆಟ್, ಪಟ್ಟಿ, ಟೈರು, ಟ್ರೈಲರ್ ಎಲ್ಲವನ್ನೂ ಜೋರು ನೀರಿನಲ್ಲಿ ತೊಳೆದು, ಒಂದು ದಿನ ಬಿಸಿಲಿಗೆ ಬಿಟ್ಟು, ಆಮೇಲೆ ತುಂಬುವ ಕೆಲಸ ಶುರು ಮಾಡಬೇಕು. ಬಾಡಿಗೆ ಯಂತ್ರ ಬೇರೆ ಪಾಲಿಹೌಸ್‌ನಿಂದ ನೇರ ಬರುತ್ತಿದ್ದರೆ ಗೇಟಿನಲ್ಲೇ ತೊಳೆಸಿ. ಡ್ರೈವರ್ ಮುಖ ಸಿಂಡರಿಸಿದರೂ ಪರವಾಗಿಲ್ಲ.

ಹೊಸ ಮಣ್ಣು ತುಂಬೋದು

ಮೊದಲು ಬರಿದಾದ ನೆಲವನ್ನು ಮಿನಿ ಟ್ರ್ಯಾಕ್ಟರಿಗೆ ಉಳಿ ನೇಗಿಲು ಕಟ್ಟಿ ಒಡೆಯಬೇಕು. ಎಷ್ಟೇ ಹಗುರ ಯಂತ್ರ ಅಂದರೂ ನೂರಾರು ಸಲ ಓಡಾಡಿದ ದಾರಿ ಗಟ್ಟಿಯಾಗಿಯೇ ಇರುತ್ತದೆ.

ಬರುವ ಮಣ್ಣಿನ ಮೂಲ ಗೊತ್ತಿರಬೇಕು. ತರಕಾರಿ ಬೆಳೆದ ಹೊಲದ ಮೇಲ್ಮಣ್ಣು ತಂದರೆ ಅದರ ಹುಳುವನ್ನೂ ದುಡ್ಡು ಕೊಟ್ಟು ಕೊಂಡ ಹಾಗೆ. ಬೆಳೆ ಕಾಣದ ಜಾಗದ ಕೆಮ್ಮಣ್ಣು ವಾಸಿ. ಕೆರೆ ಗೋಡು ಬಯಲಿನ ಹೊಲಕ್ಕೆ ಬಂಗಾರ, ಪಾಲಿಹೌಸ್ ಬೆಡ್‌ಗೆ ಮಾತ್ರ ಜಿಗುಟು ಜಾಸ್ತಿ. ಲೋಡು ಇಳಿಸುವ ಮೊದಲೇ ಒಂದು ಕಿಲೋ ಮಣ್ಣನ್ನು ಪರೀಕ್ಷೆಗೆ ಕೊಟ್ಟು ರಸಸಾರ (ಪಿ.ಎಚ್., ಅಂದರೆ ಮಣ್ಣಿನ ಹುಳಿ-ಕ್ಷಾರದ ಅಳತೆ), ಇ.ಸಿ., ಹುಳು ಮೂರನ್ನೂ ನೋಡಿಸಿ. ರಸಸಾರ ಆರರಿಂದ ಏಳರೊಳಗೆ, ಇ.ಸಿ. ಒಂದಕ್ಕಿಂತ ಕಮ್ಮಿ ಇದ್ದರೆ ಒಳ್ಳೆಯದು. ಕೆಮ್ಮಣ್ಣಿನ ಜೊತೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಭತ್ತದ ಹೊಟ್ಟು ಅಥವಾ ಕೊಕೊಪಿಟ್ ಹೊರಗಡೆಯೇ ಬೆರೆಸಿ ತಂದರೆ ಒಳಗೆ ಯಂತ್ರದ ಓಡಾಟ ಒಂದು ಸುತ್ತು ಉಳಿಯುತ್ತದೆ.

ತುಂಬುವುದು ಬಾಗಿಲಿನಿಂದ ದೂರದ ಮೂಲೆಯಿಂದ ಶುರುವಾಗಬೇಕು. ಹಿಂದೆ ಹಿಂದೆ ಸರಿಯುತ್ತಾ ಬಾಗಿಲಿಗೆ ಬರಬೇಕು. ನೆಲ ಒರೆಸುವವರು ತಾವು ಒರೆಸಿದ ಜಾಗ ತುಳಿಯದೆ ಹೊಸ್ತಿಲ ಕಡೆ ಬರುತ್ತಾರಲ್ಲ, ಹಾಗೆ. ಒಮ್ಮೆ ಹಾಕಿದ ಮಣ್ಣಿನ ಮೇಲೆ ಚಕ್ರ ಹತ್ತಬಾರದು. ಬೆಡ್ ಬೇಕಾದ ಎತ್ತರಕ್ಕಿಂತ ಐದಾರು ಸೆಂಟಿಮೀಟರ್ ಜಾಸ್ತಿಯೇ ಇರಲಿ. ಎರಡು ಮೂರು ಸಲ ನೀರು ಕೊಟ್ಟರೆ ಇಳಿದು ಕೂರುತ್ತದೆ. ಕೂತ ಮೇಲೆಯೇ ಡ್ರಿಪ್ ಪೈಪು ಎಳೆದು ಮಲ್ಚಿಂಗ್ ಹಾಳೆ ಹಾಸಬೇಕು. ಅವಸರದಲ್ಲಿ ಮೊದಲೇ ಹಾಸಿದರೆ ಬೆಡ್ ಅಲ್ಲಲ್ಲಿ ಕುಸಿದು ನೀರು ಒಂದೇ ಕಡೆ ನಿಲ್ಲುತ್ತದೆ.

ಸಸಿ ತರುವಾಗ ನರ್ಸರಿಯ ಟ್ರೇಯಿಂದ ಹತ್ತು ಸಸಿ ಎತ್ತಿ ಬೇರು ನೋಡಿ. ಇಷ್ಟೆಲ್ಲ ಮಾಡಿದ ಮೇಲೆ ಹುಳು ಸಸಿಯ ಜೊತೆ ಬಂದಿಳಿದರೆ ಯಾರನ್ನು ಬೈಯೋದು? ನಾಟಿಯಾದ 45 ದಿನಕ್ಕೆ ನಾಲ್ಕು ಮೂಲೆಯಿಂದ ಒಂದೊಂದು, ನಡುವಿನಿಂದ ಒಂದು ಗಿಡ ಕಿತ್ತು, ಬಕೆಟ್ ನೀರಿನಲ್ಲಿ ಬೇರು ತೊಳೆಯಿರಿ. ಐದು ಗಿಡ ಹೋಯಿತಲ್ಲ ಎಂದು ಹೊಟ್ಟೆ ಉರಿಯುತ್ತದೆ, ನಿಜ. ಬೇರು ಬೆಳ್ಳಗೆ, ಗಂಟಿಲ್ಲದೆ ನೂಲಿನಂತೆ ಇದ್ದರೆ ಸರಿ. ಎಲ್ಲಾದರೂ ಸಣ್ಣ ಗಂಟು ಕಂಡರೆ ಆ ಬೆಡ್‌ಗೊಂದು ಕೋಲು ನೆಟ್ಟು ಗುರುತು ಮಾಡಿಕೊಳ್ಳಿ, ಅಲ್ಲಿ ಬಳಸಿದ ಸಲಿಕೆ ಬೇರೆ ಬೆಡ್‌ಗೆ ಹೋಗದಿರಲಿ.